ದೊಡ್ಡ ಮ್ಯೂಸಿಕಲ್‌ಗೆ ಟಿಕೆಟ್ ತೆಗೆಯೋ ಮುಂಚೆ: ತುಮಕೂರಿನವರ ಲೆಕ್ಕ

ಬೆಂಗಳೂರಿಗೆ ಯಾವುದಾದರೂ ದೊಡ್ಡ ಮ್ಯೂಸಿಕಲ್ ಬಂದಾಗಲೆಲ್ಲ ತುಮಕೂರಿನ ಓದುಗರಿಂದ ಒಂದೇ ಪ್ರಶ್ನೆ ಬರುತ್ತದೆ. "ಟಿಕೆಟ್ ಎರಡು ಸಾವಿರ, ಮೂರು ಸಾವಿರ ಅಂತಿದ್ದಾರೆ. ಅಷ್ಟು ಕೊಡುವಂಥದ್ದು ಏನಿದೆ ಅದರಲ್ಲಿ? ಹೋಗಬಹುದಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು, ಟಿಕೆಟ್ ತೆಗೆಯೋ ಮುಂಚೆ ನಾನು ಏನೇನು ನೋಡುತ್ತೇನೋ ಅದನ್ನೇ ಇಲ್ಲಿ ಸಾಲಾಗಿ ಬರೆದಿದ್ದೇನೆ.

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಕಡೆ ಊರ ಹಬ್ಬಕ್ಕೆ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಒಂದು ಮೂಲೆಯಲ್ಲಿ, ದುರ್ಯೋಧನ ನಡುವೆ, ನಾವು ಚಾಪೆ ಹಾಸಿಕೊಂಡು ಎದುರಿಗೆ. ಬೆಳಗಿನ ಜಾವದವರೆಗೆ ಹಾಡು, ಕಂದಪದ್ಯ. ಅದಕ್ಕೆ ಟಿಕೆಟ್ಟೇ ಇಲ್ಲ. ಹಾಗೆ ನಾಟಕ ನೋಡಿ ಬೆಳೆದವರಿಗೆ ಮೂರು ಸಾವಿರ ಅಂದರೆ ಎದೆ ಝಲ್ಲೆನ್ನುವುದು ಸಹಜ.

ಆದರೆ ದೊಡ್ಡ ಖರ್ಚಿನ ರಂಗಪ್ರದರ್ಶನ ನಮಗೆ ಹೊಸದೇನಲ್ಲ. ತುಮಕೂರಿನಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯೇ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. 1934ರಲ್ಲಿ ಅವರು 'ಕುರುಕ್ಷೇತ್ರ' ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ಬಂದವು. ಆನೆ ನೋಡೋದಕ್ಕೆ ಜನ ಬಂದಿರಬಹುದು. ಆದರೆ ಕಂಪನಿ ನಾಟಕದಲ್ಲಿ "ಒನ್ಸ್ ಮೋರ್" ಅಂತ ಕೂಗಿದ್ದು ಹಾಡಿಗೆ. ನಾನು ಹೇಳಬೇಕೆಂದಿರುವುದೂ ಅದೇ. ಎದುರಿಗೆ ನಿಂತು ಹಾಡುವ ಗಂಟಲಿಗೆ ದುಡ್ಡು ಕೊಡಿ. ಸೆಟ್ಟಿಗೆ, ಲೈಟಿಗೆ, ಪೋಸ್ಟರಿಗೆ ಕೊಡಬೇಡಿ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಮಾತಿನ ಮೇಲೆ ಕಟ್ಟಿದ್ದೇನೆ.

ಮೊದಲು, ಮ್ಯೂಸಿಕಲ್ ಅಂದರೇನು, ಯಾಕೆ ಅಷ್ಟು ರೇಟು

ಹಾಡು, ಕುಣಿತ, ಮಾತು ಮೂರೂ ಸೇರಿ ಕಥೆ ಹೇಳುವ ನಾಟಕಕ್ಕೆ ಮ್ಯೂಸಿಕಲ್ ಅನ್ನುತ್ತಾರೆ. ನಮ್ಮ ಸಂಗೀತ ನಾಟಕದ ದೂರದ ನೆಂಟ ಅಂತಿಟ್ಟುಕೊಳ್ಳಿ. ನಾಟಕದ ನಡುವೆ ಸುಮ್ನೆ ಒಂದು ಹಾಡು ಸೇರಿಸಿದರೆ ಅದು ಮ್ಯೂಸಿಕಲ್ ಆಗುವುದಿಲ್ಲ. ಹಾಡು ತೆಗೆದರೆ ಕಥೆಯೇ ಬಿದ್ದುಹೋಗುತ್ತದೆ, ಹಾಗಿರಬೇಕು.

ಸಿನಿಮಾವನ್ನು ಒಂದು ಸಲ ತೆಗೆದರೆ ಸಾವಿರ ಪರದೆಯಲ್ಲಿ ಓಡಿಸಬಹುದು. ನಾಟಕ ಹಾಗಲ್ಲ. ಪ್ರತಿ ಶೋಗೂ ಐವತ್ತು ಅರವತ್ತು ಜನ ಮತ್ತೆ ಬಣ್ಣ ಹಚ್ಚಬೇಕು. ವಾದ್ಯದವರು ಮತ್ತೆ ನುಡಿಸಬೇಕು. ಲಾರಿಯಲ್ಲಿ ಸೆಟ್ ಬರಬೇಕು, ಕಟ್ಟಬೇಕು, ಬಿಚ್ಚಬೇಕು. ಹಾಲ್‌ನಲ್ಲಿ ಇರೋದು ಸಾವಿರವೋ ಎರಡು ಸಾವಿರವೋ ಸೀಟು, ಖರ್ಚೆಲ್ಲ ಅಷ್ಟೇ ಜನರ ಮೇಲೆ ಬೀಳುತ್ತದೆ. ಆದ್ದರಿಂದ ರೇಟು ಜಾಸ್ತಿ ಅನ್ನೋದೊಂದರಿಂದಲೇ ಮೋಸ ಅಂತ ತೀರ್ಮಾನಿಸಬೇಡಿ. ಆ ದುಡ್ಡು ರಂಗದ ಮೇಲೆ ಕಾಣುತ್ತಾ, ಕೇಳುತ್ತಾ ಅನ್ನೋದನ್ನು ನೋಡಿ.

ಇದಕ್ಕೆಲ್ಲ ಒಂದು ಮೊಬೈಲ್, ಒಂದು ಹಾಳೆ, ಒಂದು ಗಂಟೆ ಸಮಯ ಸಾಕು. ಟಿಕೆಟ್ ಮಾರುವ ಪುಟವನ್ನು ತೆರೆದಿಟ್ಟುಕೊಳ್ಳಿ. ಆದರೆ "ಕೆಲವೇ ಸೀಟು ಉಳಿದಿವೆ" ಅಂತ ಕೆಂಪಗೆ ಮಿನುಗುವ ಸಾಲಿಗೆ ಹೆದರಿ ಈಗಲೇ ಒತ್ತಬೇಡಿ.

ಹಂತ 1: ಯಾವ ತಂಡ, ಯಾವ ಭಾಷೆ

ಪೋಸ್ಟರ್‌ನಲ್ಲಿ ನಾಟಕದ ಹೆಸರು ದೊಡ್ಡದಾಗಿರುತ್ತದೆ. ಆಡುವವರು ಯಾರು ಅನ್ನೋದು ಚಿಕ್ಕ ಅಕ್ಷರದಲ್ಲಿರುತ್ತದೆ. ಆ ಚಿಕ್ಕ ಅಕ್ಷರವನ್ನೇ ಓದಿ. ಹೊರದೇಶದ ಮೂಲ ತಂಡವೇ ಊರೂರು ತಿರುಗುತ್ತಾ ಬಂದಿದ್ದರೆ ಅದಕ್ಕೆ ಟೂರಿಂಗ್ ಪ್ರೊಡಕ್ಷನ್ ಅನ್ನುತ್ತಾರೆ. ಮೂಲದವರಿಂದ ಹಕ್ಕು ಪಡೆದು ನಮ್ಮ ದೇಶದ ಕಲಾವಿದರೇ ಆಡುವುದು ಇನ್ನೊಂದು ಬಗೆ. ಇವೆರಡರಲ್ಲಿ ಒಂದು ಮೇಲು, ಇನ್ನೊಂದು ಕೀಳು ಅಂತಲ್ಲ. ನಮ್ಮವರು ಆಡಿದ್ದು ಬಹಳ ಚೆನ್ನಾಗಿರಬಹುದು. ಆದರೆ ಮೂರನೇ ಬಗೆಯೊಂದಿದೆ, ಅದರ ಬಗ್ಗೆ ಎಚ್ಚರ. "ಆ ಪ್ರಸಿದ್ಧ ಮ್ಯೂಸಿಕಲ್‌ನ ಹಾಡುಗಳು" ಅಂತ ಹೆಸರಿರುತ್ತದೆ, ನಾಟಕ ಇರುವುದಿಲ್ಲ. ನಾಲ್ಕು ಜನ ಮೈಕ್ ಹಿಡಿದು ಹಾಡಿ ಹೋಗುತ್ತಾರೆ. ಅದು ಸಂಗೀತ ಸಂಜೆ. ಅದಕ್ಕೆ ಮ್ಯೂಸಿಕಲ್‌ನ ರೇಟು ಕೊಡಬೇಕಾಗಿಲ್ಲ.

ಭಾಷೆ ವಿಚಾರಕ್ಕೆ ಬರೋಣ. ದೊಡ್ಡ ಖರ್ಚಿನವು ಹೆಚ್ಚಾಗಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿರುತ್ತವೆ. ಮಾತು ಅರ್ಥವಾಗದಿದ್ದರೂ ನಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮ್ಯೂಸಿಕಲ್‌ನಲ್ಲಿ ಅರ್ಧ ಕಥೆ ಹಾಡಿನ ಸಾಲಿನಲ್ಲೇ ಇರುತ್ತದೆ, ಅದೂ ವೇಗವಾಗಿ ಹಾಡುವ ಸಾಲಿನಲ್ಲಿ. ಮನೆಯ ಹಿರಿಯರನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರು ಇದಕ್ಕೊಂದು ಸುಲಭ ದಾರಿ ಮಾಡಿಕೊಳ್ಳಿ. ಹಿಂದಿನ ದಿನ ಊಟವಾದ ಮೇಲೆ ಕೂರಿಸಿಕೊಂಡು ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿಬಿಡಿ, ಎರಡು ಮೂರು ಹಾಡು ಕೇಳಿಸಿ. ಕಥೆ ಗೊತ್ತಾದರೆ ರುಚಿ ಕೆಡುವುದಿಲ್ಲ. ಕುರುಕ್ಷೇತ್ರದಲ್ಲಿ ಯಾರು ಗೆಲ್ಲುತ್ತಾರೆ ಅಂತ ನಮಗೆಲ್ಲ ಗೊತ್ತಿದ್ದೂ ಬೆಳಗಿನವರೆಗೆ ಕೂರುತ್ತೇವೆ, ಅಲ್ವಾ?

ಕೆಲವು ಕಡೆ ರಂಗದ ಪಕ್ಕ ಪರದೆಯ ಮೇಲೆ ಮಾತಿನ ಅನುವಾದ ಓಡುತ್ತಿರುತ್ತದೆ. ಇದಕ್ಕೆ ಸರ್‌ಟೈಟಲ್ ಅಂತ ಹೆಸರು. ಇದೆಯಾ, ಯಾವ ಭಾಷೆಯಲ್ಲಿದೆ ಅಂತ ಕೇಳಿಕೊಳ್ಳಿ.

ಹಂತ 2: ಅಲ್ಲೇ ಹಾಡುತ್ತಾರಾ, ತುಟಿ ಆಡಿಸುತ್ತಾರಾ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಬೇರೆ ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಮೊದಲೇ ರೆಕಾರ್ಡ್ ಮಾಡಿದ ಹಾಡನ್ನು ಟ್ರ್ಯಾಕ್ ಅನ್ನುತ್ತಾರೆ. ಅದನ್ನು ಹಾಕಿ ಕಲಾವಿದರು ತುಟಿ ಮಾತ್ರ ಆಡಿಸಿದರೆ ಅದು ಲಿಪ್ ಸಿಂಕ್. ನಡುವಿನದೂ ಒಂದಿದೆ, ವಾದ್ಯ ರೆಕಾರ್ಡಿನದು, ಗಂಟಲು ಅಲ್ಲೇ ಹಾಡುವವರದು. ಎಲ್ಲಕ್ಕಿಂತ ಮೇಲಿನದು ವಾದ್ಯ, ಗಂಟಲು ಎರಡೂ ಅಲ್ಲಿಯವೇ ಆಗಿರುವುದು. ರಂಗದ ಮುಂದಿನ ತಗ್ಗಿನಲ್ಲಿ ವಾದ್ಯದವರು ಕೂರುತ್ತಾರಲ್ಲ, ಅದಕ್ಕೆ ಆರ್ಕೆಸ್ಟ್ರಾ ಪಿಟ್ ಅಂತ ಹೆಸರು.

ಪ್ರಚಾರದಲ್ಲಿ "ಲೈವ್ ಶೋ" ಅಂತ ಬರೆದರೆ ಸಾಲದು. ಮನುಷ್ಯರು ರಂಗದ ಮೇಲೆ ಬಂದರೆ ಲೈವ್ ಶೋ ಆಯಿತು. "ಲೈವ್ ಸಿಂಗಿಂಗ್", "ಲೈವ್ ಆರ್ಕೆಸ್ಟ್ರಾ" ಅನ್ನೋ ಮಾತು ಇದೆಯಾ ಹುಡುಕಿ. ನಿಜವಾಗಿ ಹಾಡುವವರು ಅದನ್ನು ಮುಚ್ಚಿಡುವುದಿಲ್ಲ. 2016ರಲ್ಲಿ ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶನದಲ್ಲಿ ಮುಂಬೈಯಲ್ಲಿ ಶುರುವಾದ 'ಮೊಘಲ್-ಎ-ಆಝಂ' ಮ್ಯೂಸಿಕಲ್‌ನಲ್ಲಿ ಮುಖ್ಯ ಪಾತ್ರದವರು ರಂಗದ ಮೇಲೇ ಹಾಡುತ್ತಾರೆ ಅನ್ನೋದೇ ಅದರ ದೊಡ್ಡ ಹೆಗ್ಗಳಿಕೆಯಾಗಿತ್ತು.

ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಹೀಗೆ ಮಾಡಿ. ಆ ನಾಟಕದ ವಿಡಿಯೋ ಹುಡುಕಿ, ಆದರೆ ಕಂಪನಿಯವರು ಬಿಟ್ಟ ಟ್ರೇಲರ್ ಬೇಡ. ಅದರಲ್ಲಿ ಹಾಡನ್ನು ಸ್ಟುಡಿಯೋದಲ್ಲಿ ಸೇರಿಸಿರುತ್ತಾರೆ. ಪ್ರೇಕ್ಷಕರು, ಪತ್ರಕರ್ತರು ಕೊನೆಯ ನಮಸ್ಕಾರದ ಹೊತ್ತಿಗೋ ಪತ್ರಿಕಾ ಪ್ರದರ್ಶನದಲ್ಲೋ ತೆಗೆದ ಒಂದೆರಡು ನಿಮಿಷದ ತುಣುಕು ಸಿಗುತ್ತವೆ. ಒಂದೇ ಹಾಡಿನ ಎರಡು ತುಣುಕು, ಬೇರೆ ಬೇರೆ ದಿನದ್ದು, ಬೇಕು. ಎರಡನ್ನೂ ಇಯರ್‌ಫೋನ್ ಹಾಕಿಕೊಂಡು ಒಂದಾದ ಮೇಲೆ ಒಂದು ಕೇಳಿ. ಮನುಷ್ಯರ ಗಂಟಲು ಎರಡು ದಿನ ಒಂದೇ ಥರ ಇರುವುದಿಲ್ಲ. ಒಂದು ದಿನ ಆಲಾಪ ಸ್ವಲ್ಪ ಎಳೆದಿರುತ್ತಾರೆ, ಇನ್ನೊಂದು ದಿನ ಬೇಗ ಬಿಟ್ಟಿರುತ್ತಾರೆ. ಉಸಿರು ತೆಗೆದುಕೊಳ್ಳುವ ಜಾಗ ಆಚೀಚೆ ಆಗಿರುತ್ತದೆ. ಎರಡು ದಿನವೂ ಒಂದೊಂದು ಗಮಕ, ಒಂದೊಂದು ಉಸಿರು ಅಚ್ಚು ಹಾಕಿದ ಹಾಗೆ ಒಂದೇ ಆಗಿದ್ದರೆ ಅದು ಟ್ರ್ಯಾಕ್.

ಇನ್ನೊಂದು ಗುರುತು ಎದೆ. ಜೋರಾಗಿ ಕುಣಿದು ನಿಂತ ಕ್ಷಣ ಕಲಾವಿದೆಯ ಎದೆ ಏರಿಳಿಯುತ್ತಿರುತ್ತದೆ. ಆ ಹೊತ್ತಿಗೆ ದನಿಯಲ್ಲಿ ಚೂರಾದರೂ ಏದುಸಿರು ಕೇಳಬೇಕು. ಮೈ ಏದುತ್ತಿದೆ, ದನಿ ಮಾತ್ರ ಎಣ್ಣೆ ಹಾಕಿದ ಹಾಗೆ ನುಣ್ಣಗೆ ಬರುತ್ತಿದೆ ಅಂದರೆ ಅನುಮಾನ ಪಡಿ. ಹಾಡುವವರ ಹಣೆಯ ಮೇಲೆ, ಕೂದಲು ಶುರುವಾಗುವ ಕಡೆ, ಚರ್ಮದ ಬಣ್ಣದ ಸಣ್ಣ ಮೈಕ್ ಕಾಣುತ್ತದೆ. ಕೆಲವರಿಗೆ ಕೆನ್ನೆಯ ಮೇಲೆ ಕಡ್ಡಿಯಂತೆ ಇರುತ್ತದೆ. ಆದರೆ ಮೈಕ್ ಕಂಡ ಮಾತ್ರಕ್ಕೆ ನಂಬಬೇಡಿ, ಮಾತಿಗೂ ಅದು ಬೇಕಾಗುತ್ತದೆ.

ಇದು ಯಾವುದೂ ತಿಳಿಯದಿದ್ದರೆ ಸಂಘಟಕರಿಗೆ ನೇರವಾಗಿ ಬರೆದು ಕೇಳಿ. "ಹಾಡುಗಳನ್ನು ಕಲಾವಿದರೇ ರಂಗದ ಮೇಲೆ ಹಾಡುತ್ತಾರಾ, ರೆಕಾರ್ಡಾ?" ಒಂದೇ ಸಾಲು ಸಾಕು. ಸುತ್ತಿ ಬಳಸಿ ಉತ್ತರ ಬಂದರೆ ಅದೇ ಉತ್ತರ.

ಪೂರ್ತಿ ಟ್ರ್ಯಾಕ್ ಅಂತ ಗೊತ್ತಾದರೆ ನಾನು ಹೋಗುವುದಿಲ್ಲ. ಕುಣಿತ ಅದ್ಭುತವಾಗಿದ್ದು, ಅದಕ್ಕಾಗಿಯೇ ಹೋಗುವುದಾದರೆ ಕಡಿಮೆ ದರದ ಸೀಟಿಗೆ ಮಾತ್ರ ದುಡ್ಡು ಹಾಕಿ.

ಹಂತ 3: ಹಾಲ್‌ನ ನೆಲ ನೋಡಿ

ಜನ ಹೆಚ್ಚು ಮೋಸ ಹೋಗುವುದು ಇಲ್ಲಿ. ನಾಟಕಕ್ಕೇ ಅಂತ ಕಟ್ಟಿದ ರಂಗಮಂದಿರ ಬೇರೆ, ಎಕ್ಸಿಬಿಷನ್‌ಗೂ ಮದುವೆಗೂ ಬಾಡಿಗೆಗೆ ಕೊಡುವ ಕನ್ವೆನ್ಷನ್ ಹಾಲ್ ಬೇರೆ. ರಂಗಮಂದಿರದಲ್ಲಿ ಸಿನಿಮಾ ಥಿಯೇಟರಿನ ಹಾಗೆ ಹಿಂದೆ ಹೋದಂತೆ ನೆಲ ಏರುತ್ತದೆ. 1980ರಲ್ಲಿ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಹಾಲ್ ನೋಡಿದವರಿಗೆ ಇದು ಗೊತ್ತು. ಕನ್ವೆನ್ಷನ್ ಹಾಲ್‌ನಲ್ಲಿ ನೆಲ ಸಪಾಟು. ಸಾಲಾಗಿ ಕುರ್ಚಿ ಹಾಕಿ, ಮುಂದೆ ಮರದ ವೇದಿಕೆ ಕಟ್ಟಿ, ದೊಡ್ಡ ದೊಡ್ಡ ಸೆಟ್ ನಿಲ್ಲಿಸುತ್ತಾರೆ. ಅಷ್ಟು ದೊಡ್ಡ ಸೆಟ್ ಬೇರೆಲ್ಲೂ ಹಿಡಿಸದ ಕಾರಣ ದೊಡ್ಡ ಮ್ಯೂಸಿಕಲ್‌ಗಳು ಇಂಥ ಕಡೆ ನಡೆಯುವುದುಂಟು.

ನಾನೇ ಒಮ್ಮೆ ಹೆಚ್ಚಿನ ದರದ ಸೀಟು ತೆಗೆದು ಇಪ್ಪತ್ತೆರಡನೇ ಸಾಲಿನಲ್ಲಿ ಕೂತಿದ್ದೆ. ನಟರ ಸೊಂಟದಿಂದ ಮೇಲೆ ಕಾಣುತ್ತಿತ್ತು, ಕೆಳಗೆ ಕಾಣುತ್ತಿರಲಿಲ್ಲ. ಕಥಕ್ ಶುರುವಾದಾಗ ಗೆಜ್ಜೆ ಕೇಳುತ್ತಿತ್ತು, ಪಾದ ಕಾಣಲಿಲ್ಲ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಆ ಇಡೀ ನೃತ್ಯವನ್ನು ಮುಂದಿನವರ ತಲೆಗಳ ಸಂದಿಯಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಾ ನೋಡಿದರು. ಅವತ್ತಿನಿಂದ ನಾನು ನೆಲ ನೋಡದೆ ಟಿಕೆಟ್ ತೆಗೆದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಹಾಲ್‌ನ ಹೆಸರು ಹಾಕಿ ನಕ್ಷೆಯ ಆ್ಯಪ್‌ನಲ್ಲಿ ಜನ ಹಾಕಿರುವ ಫೋಟೋ ನೋಡಿ. ಮದುವೆ ಫೋಟೋ, ಸ್ಟಾಲ್ ಫೋಟೋ ಇದ್ದರೆ ನೆಲ ಸಪಾಟು ಅಂತ ತಿಳಿಯಿರಿ. ಆಮೇಲೆ ಸಂಘಟಕರನ್ನು ಕೇಳಿ. ಹಿಂದಿನ ಸಾಲುಗಳಿಗೆ ಮೆಟ್ಟಿಲಿನಂತೆ ಎತ್ತರಿಸಿದ ಆಸನ ಹಾಕುತ್ತಾರಾ? ಎಷ್ಟನೇ ಸಾಲಿನಿಂದ? ಹಾಕುತ್ತೇವೆ ಅಂದರೆ ಎತ್ತರಿಸಿದ ಮೊದಲ ಸಾಲು ಎಲ್ಲಕ್ಕಿಂತ ಒಳ್ಳೆಯದು, ಅನೇಕ ಸಲ ಅದರ ದರವೂ ಕಡಿಮೆ. ಹಾಕುವುದಿಲ್ಲ ಅಂದರೆ ಮೊದಲ ಎಂಟು ಹತ್ತು ಸಾಲಿನೊಳಗೆ ಸಿಕ್ಕರೆ ಹೋಗಿ. ಇಲ್ಲದಿದ್ದರೆ ಬಿಟ್ಟುಬಿಡಿ. ಅಕ್ಕಪಕ್ಕ ಎಲ್‌ಇಡಿ ಪರದೆ ಇಡುತ್ತಾರೆ, ಎಲ್ಲ ಕಾಣುತ್ತದೆ ಅಂತ ಸಮಾಧಾನ ಹೇಳಬಹುದು. ಪರದೆಯಲ್ಲಿ ನೋಡುವುದಾದರೆ ಮನೆಯಲ್ಲೇ ನೋಡಬಹುದಿತ್ತು.

ಹಂತ 4: ಸೀಟು ಆರಿಸುವುದು

ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅನ್ನುವುದು ಬರೀ ದರದ ಹೆಸರು. ಅದರಿಂದ ಏನು ಕಾಣುತ್ತದೆ ಅಂತ ತಿಳಿಯುವುದಿಲ್ಲ. ಸೀಟಿಂಗ್ ಮ್ಯಾಪ್ ತೆರೆಯಿರಿ. ಪ್ರತಿ ಸೀಟನ್ನೂ ಚೌಕದಲ್ಲಿ ತೋರಿಸುವ ನಕ್ಷೆ ಅದು. ನಕ್ಷೆಯೇ ಇಲ್ಲದೆ "ಮೊದಲು ಬಂದವರಿಗೆ ಮೊದಲು" ಅಂತ ಒಂದು ಬಣ್ಣದಲ್ಲಿ ಒಟ್ಟಿಗೆ ಮಾರಿದರೆ, ದೂರದಿಂದ ಬರುವ ನಮಗೆ ಅದು ಆಗಿಬರುವುದಿಲ್ಲ.

ಮೊದಲೆರಡು ಸಾಲು ಬೇಡ. ಕತ್ತು ನೋಯುತ್ತದೆ, ಮೂವತ್ತು ಜನ ಕಟ್ಟುವ ಕುಣಿತದ ವಿನ್ಯಾಸ ಕಾಣುವುದಿಲ್ಲ. ಏರಿದ ನೆಲದ ಹಾಲ್‌ನಲ್ಲಿ ನಡುವಿನ ಬ್ಲಾಕ್, ಎಂಟರಿಂದ ಹದಿನೈದನೇ ಸಾಲು ನನ್ನ ಆಯ್ಕೆ. ಬಾಲ್ಕನಿಯ ಮೊದಲ ಸಾಲೂ ತುಂಬ ಒಳ್ಳೆಯದು, ಮೇಲಿಂದ ನೋಡಿದರೆ ಕುಣಿತ ರಂಗೋಲಿಯ ಹಾಗೆ ಕಾಣುತ್ತದೆ. ತೀರಾ ಪಕ್ಕದ ಸೀಟಿನಿಂದ ರಂಗದ ಒಂದು ಮೂಲೆ ಮುಚ್ಚಿಹೋಗುತ್ತದೆ. ಅಂಥ ಸೀಟನ್ನು "ರಿಸ್ಟ್ರಿಕ್ಟೆಡ್ ವ್ಯೂ" ಅಂತ ಗುರುತು ಮಾಡಿರುತ್ತಾರೆ, ಅಂದರೆ ಪೂರ್ತಿ ಕಾಣುವುದಿಲ್ಲ ಅಂತ. ಗುರುತು ಮಾಡದೆಯೂ ಮಾರುವುದುಂಟು. ಸೌಂಡ್, ಲೈಟ್ ನಡೆಸುವವರ ಮೇಜು ಹಾಲ್‌ನ ನಡುವೆ ಇರುತ್ತದೆ. ನಕ್ಷೆಯಲ್ಲಿ ಖಾಲಿ ಚೌಕ ಕಂಡರೆ ಅದರ ನೇರ ಹಿಂದೆ ಕೂರಬೇಡಿ.

ಹಂತ 5: ಪೂರ್ತಿ ಲೆಕ್ಕ ಹಾಳೆಯ ಮೇಲೆ

ಟಿಕೆಟ್ ದರ ಅಂದರೆ ಖರ್ಚಲ್ಲ. ನಾಟಕದ ಟಿಕೆಟ್ ಒಬ್ಬರಿಗೆ 500 ರೂಪಾಯಿಯವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ಅದಕ್ಕಿಂತ ಮೇಲಾದರೆ ಶೇಕಡಾ 18. ತೋರಿಸಿದ ದರದಲ್ಲಿ ಅದು ಸೇರಿದೆಯಾ, ಕೊನೆಯ ಪುಟದಲ್ಲಿ ಸೇರುತ್ತದಾ ನೋಡಬೇಕು. ಅದರ ಮೇಲೆ ಕನ್ವೀನಿಯನ್ಸ್ ಫೀ, ಅಂದರೆ ಆನ್‌ಲೈನ್‌ನಲ್ಲಿ ಟಿಕೆಟ್ ಮಾರಿಕೊಟ್ಟಿದ್ದಕ್ಕೆ ಆ್ಯಪ್‌ನವರು ತೆಗೆದುಕೊಳ್ಳುವ ಶುಲ್ಕ. ಅದಕ್ಕೂ ಜಿಎಸ್‌ಟಿ ಇದೆ.

ಒಂದು ಉದಾಹರಣೆ ಹಾಕೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಟಿಕೆಟ್ 2,000 ಅಂತಿಟ್ಟುಕೊಳ್ಳಿ. ನಾಲ್ಕಕ್ಕೆ 8,000. ಜಿಎಸ್‌ಟಿ ಹೊರಗಿದ್ದರೆ 1,440 ಸೇರಿ 9,440. ಶುಲ್ಕ ತಲಾ 100 ಅಂದರೆ 400, ಅದರ ಜಿಎಸ್‌ಟಿ 72. ಒಟ್ಟು 9,912. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ಹೋಗಿ ಬಂದು, ಊರೊಳಗೆ ಓಡಾಡಿ 180 ಕಿಲೋಮೀಟರ್ ಅಂತ ಹಿಡಿದರೆ, ಲೀಟರಿಗೆ 15 ಕೊಡುವ ಕಾರಿಗೆ 12 ಲೀಟರ್ ಪೆಟ್ರೋಲ್, ಹತ್ತಿರ ಹತ್ತಿರ 1,250 ರೂಪಾಯಿ. ಟೋಲ್, ಪಾರ್ಕಿಂಗ್‌ಗೆ 500 ಇಡಿ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಊಟ ತಿಂಡಿಗೆ 1,200. ಕೂಡಿದರೆ 12,862. ಎರಡು ಸಾವಿರದ ಟಿಕೆಟ್ ತಲೆಗೆ 3,200 ದಾಟಿತು.

ಈ ಮೊತ್ತವನ್ನು ಮನೆಯವರೆಲ್ಲರ ಮುಂದೆ ಇಟ್ಟು ಮಾತಾಡಿ. ಗಂಟೆಗೆ ಎಷ್ಟಾಯಿತು ಅಂತ ಸಿನಿಮಾ ಜೊತೆ ತೂಗುವವರಿದ್ದಾರೆ. ನನಗೆ ಆ ತೂಕ ಸರಿ ಅನಿಸುವುದಿಲ್ಲ. ಹತ್ತು ವರ್ಷ ಆದರೂ ಮಗಳು ನೆನೆಸಿಕೊಳ್ಳುವ ಸಂಜೆಯನ್ನು ಗಂಟೆ ಲೆಕ್ಕದಲ್ಲಿ ಅಳೆಯಲಾಗುವುದಿಲ್ಲ. ಆದರೆ ಸಾಲ ಮಾಡಿ, ಕಾರ್ಡಿನಲ್ಲಿ ಕಂತು ಕಟ್ಟಿ ನೋಡಬೇಕಾದ ನಾಟಕ ಯಾವುದೂ ಇಲ್ಲ. ತಿಂಗಳ ದಿನಸಿಗೆ ಕೈ ಹಾಕಬೇಕಾದರೆ ಈ ಸಲ ಬೇಡ. ನಾಲ್ವರಿಗೆ ಆಗದಿದ್ದರೆ ತುಂಬ ಆಸೆ ಇರುವ ಇಬ್ಬರು ಒಳ್ಳೆಯ ಸೀಟಿನಲ್ಲಿ ಹೋಗಿಬರಲಿ. ನಾಲ್ವರೂ ಕಾಣದ ಸೀಟಿನಲ್ಲಿ ಕೂರುವುದಕ್ಕಿಂತ ಅದು ಲೇಸು.

ಚಿಕ್ಕ ಮಕ್ಕಳಿದ್ದರೆ ವಯಸ್ಸಿನ ನಿಯಮ ಓದಿ. ಒಂದು ವಯಸ್ಸಿನ ಕೆಳಗಿನವರನ್ನು ಬಿಡುವುದೇ ಇಲ್ಲ ಅನ್ನುವ ಶೋಗಳಿವೆ. ತೊಡೆಯ ಮೇಲೆ ಕೂರಿಸಿಕೊಂಡರೂ ಪೂರ್ತಿ ಟಿಕೆಟ್ ಕೇಳುವ ಶೋಗಳೂ ಇವೆ. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ವಾದ ಮಾಡುವ ಪಾಡು ಯಾರಿಗೂ ಬೇಡ.

ಹಂತ 6: ವಾಪಸ್ ಬರುವ ದಾರಿ

ಬೆಂಗಳೂರಿನವರಿಗೆ ಇಲ್ಲದ, ನಮಗೆ ಮಾತ್ರ ಇರುವ ಹಂತ. ಮ್ಯೂಸಿಕಲ್‌ಗಳು ಸಾಮಾನ್ಯವಾಗಿ ಇಂಟರ್‌ವೆಲ್ ಸೇರಿ ಎರಡೂವರೆ ಮೂರು ಗಂಟೆ. ಏಳೂವರೆಗೆ ಶುರುವಾದರೆ ಹೊರಗೆ ಬರುವಾಗ ಹತ್ತೂ ಕಾಲು. ನೂರಾರು ಕಾರು ಒಂದೇ ಗೇಟಿನಲ್ಲಿ ಹೊರಡುತ್ತವೆ. ಶನಿವಾರ, ಭಾನುವಾರ ಮಧ್ಯಾಹ್ನದ ಶೋ ಇದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆಯಿರಿ. ಬೆಳಗ್ಗೆ ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು.

2024ರ ನವೆಂಬರಿನಲ್ಲಿ ಹಸಿರು ಮೆಟ್ರೋ ಮಾರ್ಗ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ನಮಗೆ ದೊಡ್ಡ ಅನುಕೂಲವಾಗಿದೆ. ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೋ ಹತ್ತಿದರೆ ಪೀಣ್ಯದ ಟ್ರಾಫಿಕ್ ತಪ್ಪುತ್ತದೆ. ಹಾಲ್ ಹಸಿರು ಮಾರ್ಗದ ಹತ್ತಿರ ಇದ್ದರೆ ಸಲೀಸು. ವೈಟ್‌ಫೀಲ್ಡ್ ಕಡೆಯಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯಬೇಕು. ಇಡೀ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ದಾಟಿದ ಹಾಗೆ. ರಾತ್ರಿ ಶೋ ಮುಗಿಸಿ ಅಲ್ಲಿಂದ ಕೊನೆಯ ಮೆಟ್ರೋ ಹಿಡಿಯುತ್ತೇನೆ ಅಂತ ನಂಬಿಕೊಳ್ಳಬೇಡಿ.

ಬಸ್ಸಿನಲ್ಲಿ ಬರುವವರಿಗೆ ಇನ್ನೊಂದು ಮಾತು. ಮೆಜೆಸ್ಟಿಕ್‌ನಿಂದ ಹುಬ್ಬಳ್ಳಿ, ದಾವಣಗೆರೆ ಕಡೆಯ ರಾತ್ರಿ ಬಸ್ಸುಗಳು ನಮ್ಮ ದಾರಿಯಲ್ಲೇ ಹೋಗುತ್ತವೆ. ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ, ಬಸ್ ಸ್ಟ್ಯಾಂಡಿಗೆ ಬರುತ್ತಾ, ಕ್ಯಾತ್ಸಂದ್ರದ ಹತ್ತಿರ ಹೈವೇಯಲ್ಲೇ ಇಳಿಸುತ್ತಾ ಅಂತ. ನಡುರಾತ್ರಿ ಹೆಂಗಸರು ಮಕ್ಕಳು ಹೈವೇಯಲ್ಲಿ ಇಳಿದು ಆಟೋ ಹುಡುಕುವ ಹಾಗಾಗಬಾರದು.

ಹಂತ 7: ಅದೇ ದುಡ್ಡಿಗೆ ಇನ್ನೇನು ನೋಡಬಹುದಿತ್ತು

ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಜೆ.ಪಿ. ನಗರದ ರಂಗಶಂಕರದಲ್ಲಿ ಕೆಲವು ನೂರು ರೂಪಾಯಿಗೆ ಎದುರೆದುರೇ ಕೂತು ನಾಟಕ ನೋಡಬಹುದು. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಹೊತ್ತು ಬರುತ್ತಿವೆ. ಎರಡರಲ್ಲೂ ಕಲಾವಿದರು ಎದುರಿಗೇ ಹಾಡುತ್ತಾರೆ, ಹಾರ್ಮೋನಿಯಂ, ತಬಲ ಪಕ್ಕದಲ್ಲೇ ಇರುತ್ತದೆ. ನಮ್ಮ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಡೆಯುವ ನಾಟಕಗಳಿಗೆ ನೀವು ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೀರಿ?

ಒಮ್ಮೆಯೂ ಹೋಗಿಲ್ಲದಿದ್ದರೆ ಮೊದಲು ಅಲ್ಲಿಗೆ ಹೋಗಿ. ಮನೆಯ ಮಕ್ಕಳಿಗೆ ರಂಗದ ಮೇಲಿನ ಹಾಡು ಹಿಡಿಸುತ್ತಾ ಅನ್ನೋದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಹಿಡಿಸಿತು ಅಂದರೆ ದೊಡ್ಡ ಮ್ಯೂಸಿಕಲ್‌ಗೆ ಕೊಡುವ ದುಡ್ಡು ದಂಡವಾಗುವುದಿಲ್ಲ. ಒಂದು ಗಂಟೆಗೇ ಮೊಬೈಲ್ ಹುಡುಕಿದರು ಅಂದರೆ ಹನ್ನೆರಡು ಸಾವಿರ ಉಳಿಯಿತು.

ಆದರೂ ದೊಡ್ಡದಕ್ಕೆ ದೊಡ್ಡದರದೇ ಆದ ಸುಖವಿದೆ, ಅದನ್ನು ಅಲ್ಲಗಳೆಯಲಾರೆ. ನಲವತ್ತು ಗಂಟಲು ಒಟ್ಟಿಗೆ ಒಂದು ಸ್ವರಕ್ಕೆ ಏರಿದಾಗ ಕುರ್ಚಿಯ ಕೈಯೂ ನಡುಗುತ್ತದೆ. ಅದು ಸಣ್ಣ ರಂಗಮಂದಿರದಲ್ಲಿ ಸಿಗುವುದಿಲ್ಲ. ಹಂತ 2, ಹಂತ 3 ಎರಡರಲ್ಲೂ ಒಳ್ಳೆಯ ಉತ್ತರ ಸಿಕ್ಕು, ಹಂತ 5ರ ಮೊತ್ತ ಮನೆಗೆ ಹೊರೆಯಾಗದಿದ್ದರೆ ಧೈರ್ಯವಾಗಿ ಹೋಗಿ. ಹಂತ 2 ಸರಿಯಿದ್ದು ಹಂತ 3 ಸರಿಯಿಲ್ಲದಿದ್ದರೆ, ಅದೇ ನಾಟಕ ಬೇರೆ ಹಾಲ್‌ಗೆ ಬರುವವರೆಗೆ ಕಾಯಿರಿ.

ಹಂತ 8: ಬುಕ್ ಮಾಡುವಾಗ

ಸಂಘಟಕರು ಹೇಳಿದ ಅಧಿಕೃತ ಕಡೆಯಲ್ಲೇ ತೆಗೆಯಿರಿ. ವಾಟ್ಸಾಪ್ ಗುಂಪಿನಲ್ಲಿ "ನಮಗೆ ಬರಲಾಗುತ್ತಿಲ್ಲ, ಎರಡು ಟಿಕೆಟ್ ಇದೆ" ಅಂತ ಬರುವ ಅಪರಿಚಿತರ ಸಂದೇಶಕ್ಕೆ ದುಡ್ಡು ಕಳಿಸಬೇಡಿ. ಟಿಕೆಟ್‌ನ ಕ್ಯೂಆರ್ ಕೋಡ್ ಒಂದು ಸಲ ಮಾತ್ರ ಸ್ಕ್ಯಾನ್ ಆಗುತ್ತದೆ. ಅದರ ಸ್ಕ್ರೀನ್‌ಶಾಟನ್ನು ಐದು ಜನರಿಗೆ ಮಾರಬಹುದು. ಮೊದಲು ಬಂದವರು ಒಳಗೆ, ಉಳಿದ ನಾಲ್ವರು ಹೊರಗೆ.

ದುಡ್ಡು ಕಟ್ಟುವ ಪುಟದಲ್ಲಿ ಮೊದಲೇ ಟಿಕ್ ಹಾಕಿಟ್ಟ ದೇಣಿಗೆ, ವಿಮೆ ಇದ್ದರೆ ತೆಗೆಯಿರಿ. ಕೇಳದೆ ಹೀಗೆ ಸೇರಿಸುವುದನ್ನೂ, ಮೊದಲು ಕಡಿಮೆ ದರ ತೋರಿಸಿ ಕೊನೆಯಲ್ಲಿ ಏರಿಸುವುದನ್ನೂ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ತಪ್ಪು ಅಂತ ಹೆಸರಿಸಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದರ ತೋರಿಸಿದ್ದು, ಸೀಟಿನ ನಕ್ಷೆ, "ಲೈವ್ ಸಿಂಗಿಂಗ್" ಅಂತ ಬರೆದದ್ದು, ಎಲ್ಲ. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ ಅದೇ ಸಾಕ್ಷಿ.

ನಿಮ್ಮ ಕಾರಣಕ್ಕೆ ಹೋಗಲಾಗದಿದ್ದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ. ಪರೀಕ್ಷೆ, ಮದುವೆ, ಬಾಣಂತನ ಏನಾದರೂ ಆ ದಿನ ಅಡ್ಡ ಬರುತ್ತದಾ ಅಂತ ಕ್ಯಾಲೆಂಡರ್ ನೋಡಿಯೇ ಒತ್ತಿ.

ಹಂತ 9: ಹೋಗುವ ದಿನ

ಶುರುವಾಗುವ ಅರ್ಧ ಗಂಟೆ ಮುಂಚೆ ಸೀಟಿನ ಹತ್ತಿರ ಇರಿ. ತಡವಾಗಿ ಬಂದವರನ್ನು ಹಾಡು ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ರಂಗಶಂಕರದಲ್ಲಂತೂ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದೇ ಇಲ್ಲ. ಬುಕ್ ಮಾಡಿದವರ ಗುರುತಿನ ಚೀಟಿ ಜೊತೆಯಲ್ಲಿರಲಿ. ಇಂಟರ್‌ವೆಲ್‌ನಲ್ಲಿ ಹೆಂಗಸರ ಶೌಚಾಲಯದ ಸಾಲು ತುಂಬ ಉದ್ದ ಇರುತ್ತದೆ, ಶುರುವಾಗುವ ಮುಂಚೆಯೇ ಹೋಗಿ ಬನ್ನಿ. ಫೋನಿನ ಬೆಳಕು ಹಿಂದಿನ ಸಾಲಿನವರ ಕಣ್ಣಿಗೆ ನೇರ ಹೊಡೆಯುತ್ತದೆ, ಪೂರ್ತಿ ಆರಿಸಿ ಒಳಗಿಡಿ. ಹಿರಿಯರು ಜೊತೆಗಿದ್ದರೆ ಒಂದು ಶಾಲು ತೆಗೆದುಕೊಂಡು ಹೋಗಿ. ಆ ಏಸಿಯಲ್ಲಿ ಮೂರು ಗಂಟೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ.